ಎರಡು ಬೆರಳಿನ ಶಾಯಿ

ದ್ರಾಕ್ಷಾಯಣಮ್ಮ ಯಾವುದನ್ನೂ ಅಲ್ಲಾಡಿಸಿ ನೋಡದೆ ನಂಬಿದವಳಲ್ಲ. ಇದು ಅವಳ ಸ್ವಭಾವವೋ ಕಸುಬೋ ಎಂದು ಕೇಳಿದರೆ ಊರಿನವರು ಎರಡೂ ಎನ್ನುತ್ತಾರೆ. ದಬ್ಬೇಘಟ್ಟದಿಂದ ಮೂರು ಮೈಲಿ ಒಳಗಿರುವ ಆ ಊರಿನಲ್ಲಿ ಅವಳ ಮನೆಯ ಅಟ್ಟದ ತುಂಬ ತೆಂಗಿನಕಾಯಿ. ಅವು ಹನ್ನೊಂದು ತಿಂಗಳು ಕತ್ತಲಲ್ಲಿ ಕೂತು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಅಂದರೆ ಆಗಿದೆ. ಸದ್ದಿಲ್ಲದಿದ್ದರೆ ಇನ್ನೂ ಹಸಿ, ಇಲ್ಲವೇ ಒಳಗೊಳಗೇ ಕೊಳೆತಿದೆ. ಅರವತ್ತಮೂರು ವರ್ಷದ ದ್ರಾಕ್ಷಾಯಣಮ್ಮ ಈಗಲೂ ಏಣಿ ಹತ್ತಿ ಒಂದೊಂದನ್ನೂ ಕಿವಿಗೆ ಹಿಡಿಯುತ್ತಾಳೆ. ಮನುಷ್ಯರನ್ನು ಹಾಗೆ ಹಿಡಿಯಲು ಬರುವುದಿಲ್ಲವಲ್ಲ ಎನ್ನುವುದೊಂದೇ ಅವಳ ಕೊರತೆ.

ಗ್ಯಾಸ್ ಸಿಲಿಂಡರ್ ಬಂದರೆ ಅವಳು ಎತ್ತಿ ನೋಡಿಯೇ ಒಳಗಿಡಿಸುವುದು. ಡೇರಿಯಲ್ಲಿ ಹಾಲಿನ ಡಿಗ್ರಿ ನೋಡುವ ಯಂತ್ರದ ಮೇಲೆ ಅವಳಿಗೆ ಹತ್ತು ವರ್ಷದ ಅನುಮಾನ. ಯಾರಾದರೂ ಕಾರಣವಿಲ್ಲದೆ ನಕ್ಕು ಮಾತಾಡಿಸಿದರೆ, ಇವನಿಗೇನು ಬೇಕಾಗಿದೆಯಪ್ಪಾ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ. "ಯಮ ಬಂದ್ರೂ ಇವ್ಳು ಮೊದ್ಲು ಗುರುತಿನ ಚೀಟಿ ತೋರ್ಸು ಅಂತಾಳೆ" ಎಂದು ಗಂಡ ಹಾಲಸ್ವಾಮಿ ಜಗಲಿಯ ಮೇಲೆ ಕೂತು ನಗುತ್ತಿದ್ದ. ಯಮ ಬಂದಿದ್ದು ಅವನಿಗೇ, ಎರಡು ವರ್ಷದ ಹಿಂದೆ. ಈಗ ಮನೆಯಲ್ಲಿ ಇರುವವರು ಅವಳು ಮತ್ತು ಸೊಸೆ ವರ್ಷಿಣಿ. ಮಗ ಯೋಗೀಶ ಸೈನ್ಯದಲ್ಲಿ ಹವಾಲ್ದಾರ. ಹಿಮದ ಬೆಟ್ಟದ ಮೇಲೆ ಎಲ್ಲೋ ಇದ್ದಾನೆ. ಎಲ್ಲಿ ಎಂದು ಅವನು ಹೇಳುವ ಹಾಗಿಲ್ಲ, ಅದೂ ಅವಳಿಗೆ ಒಂದು ಅನುಮಾನವೇ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಪೋಸ್ಟ್‌ಮ್ಯಾನ್ ರಾಜಣ್ಣ ಸ್ಪೀಡ್ ಪೋಸ್ಟ್ ತಂದ. ಕಳಿಸಿದವನು ಯೋಗೀಶ. ತೆಗೆದುಕೊಳ್ಳಬೇಕಾದವಳು ವರ್ಷಿಣಿ. ದ್ರಾಕ್ಷಾಯಣಮ್ಮ ಕೈ ಚಾಚಿದರೆ ರಾಜಣ್ಣ, "ಅಮ್ಮಾ, ಇದು ನಿಮ್ಮ ಸೊಸೇದು, ಅವ್ರೇ ಸೈನ್ ಮಾಡ್ಬೇಕು" ಅಂದುಬಿಟ್ಟ. ವರ್ಷಿಣಿ ಸಹಿ ಹಾಕಿ, ಕವರು ಒಡೆದು, ನಿಂತಲ್ಲೇ ಓದಿ, ಮಡಿಸಿ ಬೀರುವಿನಲ್ಲಿಟ್ಟಳು.

"ಏನೇ ಅದು?"

"ಅವರು ಒಂದು ಫಾರಂ ಕಳ್ಸಿದಾರೆ ಅತ್ತೆ. ನಾನು ಸೈನ್ ಹಾಕಿ ಕೊಡ್ಬೇಕು."

ಏನೂ ಇಲ್ಲ ಎಂದಿದ್ದರೆ ಗದರಿಸಬಹುದಿತ್ತು. ಇಷ್ಟು ಸಲೀಸಾಗಿ ಹೇಳಿದ್ದೇ ದ್ರಾಕ್ಷಾಯಣಮ್ಮನಿಗೆ ಸರಿಬರಲಿಲ್ಲ. ಮಾರನೆಯ ದಿನ ವರ್ಷಿಣಿ ಒಳ್ಳೆಯ ಸೀರೆ ಉಟ್ಟು, ಆಧಾರ್ ಕಾರ್ಡು ಚೀಲಕ್ಕೆ ಹಾಕಿಕೊಂಡು ಎಂಟೂವರೆಯ ಬಸ್ಸು ಹತ್ತಿದಳು. ಮಧ್ಯಾಹ್ನ ಪಕ್ಕದ ಮನೆಯ ಕಲ್ಲೇಶ ತುರುವೇಕೆರೆಯಿಂದ ಬಂದವನು, ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಟ್ಟ.

"ದೊಡ್ಡಮ್ಮ, ನಿಮ್ಮ ವರ್ಷಿಣಿ ನೋಟರಿ ಲಾಯರ್ ಮುಂದೆ ಕೂತಿತ್ತಲ್ಲ? ಏನು, ತೋಟದ ಕಾಗದನಾ?"

ಅಷ್ಟು ಸಾಕಾಯಿತು. ತೋಟ ಹಾಲಸ್ವಾಮಿಯ ನಂತರ ಪೌತಿ ಖಾತೆಯಾಗಿ ಯೋಗೀಶನ ಹೆಸರಿಗೆ ಬಂದಿತ್ತು. ಈಗ ಅವನು ಅಲ್ಲಿಂದ ಸಹಿ ಹಾಕಿ ಕಳಿಸಿದ್ದಾನೆ, ಇವಳು ಇಲ್ಲಿ ನೋಟರಿ ಮುಂದೆ ಸಹಿ ಹಾಕುತ್ತಿದ್ದಾಳೆ. ಮಧ್ಯೆ ತಾಯಿ ಅನ್ನುವವಳು ಒಬ್ಬಳಿದ್ದಾಳೆ ಎಂಬುದು ಇಬ್ಬರಿಗೂ ನೆನಪಿಲ್ಲ. ಬಸ್ಸಿಳಿದು ಬಂದ ಸೊಸೆಗೆ ನೀರು ಕುಡಿಯಲೂ ಬಿಡದೆ, "ತೆಗಿಯೇ ಅದೇನು ಕಾಗದ" ಎಂದಳು.

ವರ್ಷಿಣಿ ತೆಗೆದುಕೊಟ್ಟಳು. ಇಂಗ್ಲಿಷಿನ ಕಾಗದ. ಕೆಳಗೆ ಯೋಗೀಶನ ಸಹಿ, ಅವನ ಸಾಹೇಬರ ಸಹಿ, ಮೊಹರು. ಇನ್ನೊಂದು ಕಡೆ ವರ್ಷಿಣಿಯ ಸಹಿ, ನೋಟರಿಯ ಮೊಹರು. "ಇದು ಪಾರ್ಲಿಮೆಂಟ್ ವೋಟಿಂದು ಅತ್ತೆ. ಹೋದ್ಸಲ ಅವರಿಗೆ ಕಳ್ಸಿದ ಓಟಿನ ಕಾಗದ ಟೈಮಿಗೆ ಸಿಗ್ಲೇ ಇಲ್ಲ ಅಂತಿದ್ರಲ್ಲ? ಮಿಲಿಟರಿಯವರು ತಮ್ಮ ಬದ್ಲು ಊರಲ್ಲಿರೋ ಒಬ್ಬರ ಕೈಲಿ ಓಟು ಹಾಕಿಸ್ಬೋದಂತೆ. ಅದಕ್ಕೆ ಅರ್ಜಿ. ನನ್ನ ಹೆಸರು ಕೊಟ್ಟಿದಾರೆ."

"ನೀನು ಓದಿದ್ದೇ ಅದ್ರಲ್ಲಿ ಐತೆ ಅಂತ ಏನು ಗ್ಯಾರಂಟಿ?"

ವರ್ಷಿಣಿಗೆ ಮದುವೆಯಾಗಿ ಆರು ವರ್ಷವಾಗಿತ್ತು. ಇಂಥದ್ದಕ್ಕೆ ಅಳುವ ಕಾಲ ಕಳೆದುಹೋಗಿತ್ತು. "ಮೀನಾಕ್ಷಮ್ಮ ಟೀಚರ್ ಹತ್ರ ಓದಿಸ್ಕೊಂಡು ಬನ್ನಿ" ಎಂದು ಕೈಕಾಲು ತೊಳೆಯಲು ಹೋದಳು. ದ್ರಾಕ್ಷಾಯಣಮ್ಮ ಹೋದಳು. ರಿಟೈರ್ ಆದ ಟೀಚರು ಕನ್ನಡಕ ಏರಿಸಿ ಎರಡು ಸಲ ಓದಿ, ಇದರಲ್ಲಿ ತೋಟದ ಸುದ್ದಿಯೇ ಇಲ್ಲ, ವೋಟು ಬಿಟ್ಟರೆ ಬೇರೇನೂ ಇಲ್ಲ ಎಂದರು. ದ್ರಾಕ್ಷಾಯಣಮ್ಮನಿಗೆ ಉಸಿರು ಬಂದಂತಾಯಿತು. ಮನೆಗೆ ಬರುವಷ್ಟರಲ್ಲಿ ಆ ಉಸಿರೂ ಸಿಕ್ಕಿಹಾಕಿಕೊಂಡಿತು. ವೋಟಿಗೇ ಆದರೂ, ಮಗ ತನ್ನ ಹೆಸರನ್ನು ಯಾಕೆ ಕೊಡಲಿಲ್ಲ?

ಭಾನುವಾರ ಅವನ ಫೋನು ಬಂದಾಗ ನೆಟ್ಟಗೆ ಕೇಳಿಯೇಬಿಟ್ಟಳು. "ಅಲ್ಲ ಕಣಪ್ಪ, ಹೆತ್ತೋಳು ನಾನಿಲ್ವಾ? ನನ್ನ ಹೆಸ್ರು ಯಾಕೆ ಬರೀಲಿಲ್ಲ?"

ಆ ಕಡೆ ಸದ್ದೇ ಇಲ್ಲ. ಗಾಳಿ ಬೀಸುವುದು ಮಾತ್ರ ಕೇಳುತ್ತಿತ್ತು. ಆಮೇಲೆ, "ಆಮೇಲೆ ಹೇಳ್ತೀನಿ ಅಮ್ಮ" ಎಂದ. ಫೋನು ನಿಂತಿತು.

ಅಟ್ಟದ ಕಾಯಿಯಾಗಿದ್ದರೆ, ಆ ಸದ್ದಿಲ್ಲದ್ದಕ್ಕೆ ಏನರ್ಥ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಗನಿಗೆ ಗೊತ್ತಾಗಿದೆಯೇ? ಗೊತ್ತಾಗುವುದಕ್ಕೆ ಹೇಗೆ ಸಾಧ್ಯ? ಆ ಸಂಗತಿ ಪ್ರಪಂಚದಲ್ಲಿ ಗೊತ್ತಿದ್ದಿದ್ದು ಅವಳೊಬ್ಬಳಿಗೆ.

ಸಂಗತಿ ಇಷ್ಟು. ಹಿಂದಿನ ಪಂಚಾಯ್ತಿ ಎಲೆಕ್ಷನ್ನಿನ ಹೊತ್ತಿಗೆ ಸಕ್ಕರೆ ಕಾಯಿಲೆ ಹಾಲಸ್ವಾಮಿಯ ಎರಡು ಕಣ್ಣನ್ನೂ ತಿಂದು ಮುಗಿಸಿತ್ತು. ಆ ಸಲ ಅವರ ಬೀದಿಗಳಿಗಿದ್ದ ಒಂದು ಸೀಟಿಗೆ ಗಿಡ್ಡಯ್ಯ ನಿಂತಿದ್ದ. ಗಿಡ್ಡಯ್ಯ ಅಂದರೆ ಮೂವತ್ತು ವರ್ಷ ಅವರ ಅಟ್ಟದ ಕಾಯಿ ಸುಲಿದವನು. ಸುಲಿಯುವ ಸಲಾಕೆಯನ್ನು ಅಂಗಳದಲ್ಲಿ ನೆಟ್ಟರೆ ಅವನು ಅತ್ತ ಕೂತು ಸುಲಿಯುವುದು, ಹಾಲಸ್ವಾಮಿ ಇತ್ತ ಕೂತು ಚಿಪ್ಪು ಒಡೆಯುವುದು, ಇಬ್ಬರೂ ಸಂಜೆಯವರೆಗೆ ಊರಿನ ಸುದ್ದಿಯನ್ನೂ ಸುಲಿದು ಒಡೆದು ಹಾಕುವುದು. ಕಣ್ಣು ಹೋದ ಮೇಲೂ ಹಾಲಸ್ವಾಮಿ ಅಂಗಳದಲ್ಲಿ ಕೂತು ಬೆರಳಿನಲ್ಲೇ ಸವರಿ ಕೊಬ್ಬರಿ ಆರಿಸುತ್ತಿದ್ದ. ಗಿಡ್ಡಯ್ಯನದು ಊರ ಕೆಳಗಿನ ಕೇರಿ. ಅವನು ಜನರಲ್ ಸೀಟಿಗೆ ನಿಂತದ್ದು ಊರಿನ ಕೆಲವರಿಗೆ ನುಂಗಲಾರದ ತುತ್ತಾಗಿತ್ತು. ಅವನ ಎದುರಿಗೆ ನಿಂತವನು, ಪಕ್ಕದ ಊರಿನ ಸೂರ್ಯಪ್ರಕಾಶ, ದ್ರಾಕ್ಷಾಯಣಮ್ಮನ ಸ್ವಂತ ಅಣ್ಣನ ಮಗ.

"ನನ್ನ ವೋಟು ಗಿಡ್ಡಯ್ಯನಿಗೆ" ಎಂದು ಹಾಲಸ್ವಾಮಿ ಮೊದಲೇ ಹೇಳಿದ್ದ. "ನಿನ್ನದು ನಿನ್ನ ಇಷ್ಟ."

ಕಣ್ಣಿಲ್ಲದವರ ಜೊತೆಗೆ ಒಬ್ಬರು ಒಳಗೆ ಹೋಗಬಹುದು. ಇವರ ವೋಟು ಇವರು ಹೇಳಿದಂತೆ ಹಾಕುತ್ತೇನೆ, ಯಾರಿಗೆ ಹಾಕಿದೆ ಎಂದು ಯಾರಿಗೂ ಹೇಳುವುದಿಲ್ಲ ಎಂದು ಬರೆದ ಕಾಗದಕ್ಕೆ ಅಧಿಕಾರಿ ಸಹಿ ಮಾಡಿಸಿಕೊಂಡ. ದ್ರಾಕ್ಷಾಯಣಮ್ಮ ಮಾಡಿದಳು. ರಟ್ಟಿನ ಮರೆಯ ಹಿಂದೆ ಬೆಂಚಿನ ಮೇಲೆ ವೋಟಿನ ಚೀಟಿ ಬಿಡಿಸಿಟ್ಟಳು. ನಾಲ್ಕು ಹೆಸರು, ಮೊದಲನೆಯದು ಗಿಡ್ಡಯ್ಯ, ಕೊನೆಯದು ಸೂರ್ಯಪ್ರಕಾಶ. ಗಂಡನಿಗೆ ಸಮಾಧಾನವಾಗಲಿ ಎಂದು ಅವನ ಕೈಯನ್ನು ತನ್ನ ಮಣಿಕಟ್ಟಿನ ಮೇಲೆ ಇರಿಸಿಕೊಂಡಳು. ಮೊಹರು ಎತ್ತಿದಾಗ ತವರಿನ ಅಂಗಳ ಕಣ್ಣ ಮುಂದೆ ಬಂತು. ಗೌರಿಹಬ್ಬಕ್ಕೆ ಬಾಗಿನ ತರುವ ಅಣ್ಣ ಕಂಡ. ಕೆಳಗಿನ ಕೇರಿಯವನು ನಾಳೆ ಪಂಚಾಯ್ತಿ ಕುರ್ಚಿಯಲ್ಲಿ ಕೂತು ತನ್ನ ಅಣ್ಣನ ಮಗನನ್ನು ನಿಲ್ಲಿಸಿ ಮಾತಾಡಿಸುವುದೂ ಕಂಡಿತು. ಅದನ್ನು ಅವಳು ಯಾರ ಮುಂದೆಯೂ ಒಪ್ಪಿಕೊಳ್ಳುವುದಿಲ್ಲ, ಆದರೆ ಕಂಡಿದ್ದು ನಿಜ. ಕೈ ಕೆಳಗಿಳಿಯಿತು. ಕೊನೆಯ ಹೆಸರಿನ ಮೇಲೆ ಒತ್ತಿದಳು.

"ಒತ್ತಿದ್ಯಾ?" ಎಂದ ಹಾಲಸ್ವಾಮಿ.

"ಒತ್ತಿದೆ."

ಅವನು ಮತ್ತೇನೂ ಕೇಳಲಿಲ್ಲ. ಆ ಗುಟ್ಟಿನ ಕಾಗದಕ್ಕೆ ಅವಳಷ್ಟು ನಿಷ್ಠೆಯಿಂದ ನಡೆದುಕೊಂಡವರು ಇನ್ನೊಬ್ಬರಿಲ್ಲ; ವೋಟಿನ ಯಜಮಾನನಿಗೂ ಹೇಳಲಿಲ್ಲ. ಗಿಡ್ಡಯ್ಯ ಹನ್ನೊಂದು ವೋಟಿನಿಂದ ಸೋತ. ತನ್ನ ಒಂದರಿಂದ ಏನೂ ಕೆಡಲಿಲ್ಲ ಎಂದು ದ್ರಾಕ್ಷಾಯಣಮ್ಮ ಆ ಹನ್ನೊಂದನ್ನು ಎಷ್ಟೋ ದಿನ ಜಪ ಮಾಡಿದಳು. ಆದರೆ ಆಮೇಲೆ ಗಿಡ್ಡಯ್ಯ ಅವರ ಅಂಗಳಕ್ಕೆ ಬರಲಿಲ್ಲ. ಸಲಾಕೆ ಮೂಲೆ ಸೇರಿತು, ಕಾಯಿ ಸುಲಿಯಲು ಬೇರೆ ಜನ ಬಂದರು. ಸೋತ ಸಿಟ್ಟು ಇರಬೇಕು ಎಂದು ಅವಳು ಗಂಡನಿಗೆ ಹೇಳುತ್ತಿದ್ದಳು. ಅವನು "ಹೂಂ" ಅನ್ನುತ್ತಿದ್ದ. ಒಂದೂವರೆ ವರ್ಷ ಜಗಲಿಯ ಮೇಲೆ ಒಬ್ಬನೇ ಕೂತು ಹೂಂ ಅಂದು, ಒಂದು ದಿನ ಅದನ್ನೂ ನಿಲ್ಲಿಸಿದ. ಮಣ್ಣಿನ ದಿನ ಗಿಡ್ಡಯ್ಯ ಬಂದ. ದೂರದಲ್ಲಿ ನಿಂತಿದ್ದು, ಎಲ್ಲರೂ ಮುಗಿಸಿದ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಯಾರನ್ನೂ ಮಾತಾಡಿಸದೆ ಹೋದ.

ಇದಿಷ್ಟು ಒಳಗಿದ್ದವಳಿಗೆ ಸೊಸೆಯ ಕೈಗೆ ಮಗನ ವೋಟು ಸಿಕ್ಕಿದರೆ ನಂಬಿಕೆ ಹೇಗೆ ಬರಬೇಕು? ಇನ್ನೊಬ್ಬರ ಹೆಸರಿನಲ್ಲಿ ಒಳಗೆ ಹೋದ ಕೈ ಏನು ಮಾಡುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ವರ್ಷಿಣಿಯ ತವರಿನವರು ಯಾವ ಪಾರ್ಟಿ, ಅವರ ಮನೆಗೆ ಯಾರ್‍ಯಾರು ಬಂದು ಹೋದರು, ಫೋನಿನಲ್ಲಿ ಅಪ್ಪನ ಹತ್ತಿರ ಎಷ್ಟು ಹೊತ್ತು ಮಾತಾಡಿದಳು, ಎಲ್ಲದಕ್ಕೂ ಏಪ್ರಿಲ್ ಪೂರ್ತಿ ಕಿವಿಯಿಟ್ಟಳು.

ವೋಟಿನ ಶುಕ್ರವಾರ ಊರ ಶಾಲೆಯಲ್ಲಿ ಬೇಕೆಂದೇ ಸೊಸೆಯ ಹಿಂದೆಯೇ ನಿಂತಳು. ಒಳಗೆ ವರ್ಷಿಣಿ ತನ್ನ ಚೀಟಿಯ ಜೊತೆಗೆ ಯೋಗೀಶನ ಹೆಸರೂ ಹೇಳಿದಾಗ ಬೆಂಚಿನ ಮೇಲೆ ಕೂತಿದ್ದ ಏಜೆಂಟುಗಳು ಒಟ್ಟಿಗೆ ಎದ್ದರು. "ಒಬ್ಬರಿಗೆ ಎರಡು ವೋಟಾ? ಎಲ್ಲೈತೆ ಸಾರ್ ಇಂಥ ಕಾನೂನು?" ಅಧಿಕಾರಿ ಬೇರೆ ಪಟ್ಟಿ ತೆಗೆದು, ಹೆಸರಿನ ಮೇಲೆ ಬೆರಳಿಟ್ಟು ತೋರಿಸಿ, ಕೂತುಕೊಳ್ಳಿ ಎಂದ. ವರ್ಷಿಣಿಯ ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿದರು. ಅವಳು ಹೋಗಿ ಒತ್ತಿದಳು, ಯಂತ್ರ ತಕ್ಷಣ ಕೂಗಿತು. ಆಮೇಲೆ ನಡುಬೆರಳಿಗೆ ಹಚ್ಚಿದರು, ಅದು ಗಂಡನದು. ಈ ಸಲ ಮರೆಯ ಹಿಂದೆ ಹೋದವಳು ನಿಂತೇ ನಿಂತಳು. ಯಂತ್ರ ಕೂಗಲೊಲ್ಲದು. ಅಷ್ಟು ಹೊತ್ತು ಅಲ್ಲಿ ನಿಲ್ಲುವವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ದ್ರಾಕ್ಷಾಯಣಮ್ಮನಿಗೆ ಗೊತ್ತಿತ್ತು. ಕೊನೆಗೂ ಪೀಂ ಎಂದಿತು.

ದಾರಿಯಲ್ಲೇ ಹಿಡಿದಳು. "ಅವನ್ದು ಹಾಕೋಕೆ ಯಾಕೆ ಅಷ್ಟು ಹೊತ್ತು? ನಿನ್ನಿಷ್ಟಕ್ಕೆ ತಾನೆ ಒತ್ತಿದ್ದು? ನಿಜ ಹೇಳು."

ವರ್ಷಿಣಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವರು ಹೇಳಿದವರಿಗೇ ಒತ್ತಿದೆ ಅತ್ತೆ. ನನಗೆ ಆ ಮನುಷ್ಯನ್ನ ಕಂಡ್ರಾಗಲ್ಲ. ಕೈ ಬರಲಿಲ್ಲ, ಅದಕ್ಕೇ ಹೊತ್ತಾಯ್ತು. ನಂದು ನನಗೆ ಬೇಕಾದವರಿಗೆ ಹಾಕಿದೆ."

"ಅಂದ್ರೆ ಒಂದು ಅತ್ಲಾಗೆ, ಒಂದು ಇತ್ಲಾಗೆ?"

"ಹೂಂ."

"ಒಂದಕ್ಕೊಂದು ವಜಾ ಆಗೋಯ್ತಲ್ಲೇ! ಇಷ್ಟಕ್ಕೆ ನೋಟರಿ, ಬಸ್ ಚಾರ್ಜು, ಈ ಬಿಸಿಲು. ಇಬ್ರೂ ಸುಮ್ನೆ ಮನೇಲಿದ್ದಿದ್ರೆ ಆಗ್ತಿರ್ಲಿಲ್ವಾ?"

"ಅದು ಅವರ ವೋಟು ಅತ್ತೆ, ನಂದಲ್ವಲ್ಲ" ಎಂದಳು ವರ್ಷಿಣಿ, ಉಪ್ಪು ತರುವುದು ಮರೆತೆ ಎನ್ನುವಷ್ಟೇ ಸಲೀಸಾಗಿ. ಮುಂದೆ ನಡೆದಳು.

ದ್ರಾಕ್ಷಾಯಣಮ್ಮ ಆ ಮಾತನ್ನು ಎರಡು ದಿನ ಅಲ್ಲಾಡಿಸಿ ಅಲ್ಲಾಡಿಸಿ ನೋಡಿದಳು. ಸುಳ್ಳಿರಬಹುದು. ಆದರೆ ಸುಳ್ಳು ಹೇಳುವವಳು ಇದಕ್ಕಿಂತ ಚೆಂದದ ಸುಳ್ಳು ಹೇಳುತ್ತಿದ್ದಳು. ಅತ್ತೆಯ ಮುಂದೆ, ನಿಮ್ಮ ಮಗ ಹೇಳಿದವನನ್ನು ಕಂಡರೆ ನನಗಾಗುವುದಿಲ್ಲ ಎಂದು ಯಾವ ಸೊಸೆ ಕಟ್ಟಿ ಹೇಳುತ್ತಾಳೆ? ಮೇಲಾಗಿ ತಾನೂ ಆ ಮರೆಯ ಹಿಂದೆ ನಿಂತಿದ್ದವಳು. ಅಲ್ಲಿ ತನ್ನ ಕೈ ಕೆಳಗಿಳಿದಿತ್ತು. ಇವಳದು ಇಳಿಯಲಿಲ್ಲ. ಹೊಟ್ಟೆಯುರಿಯೋ ನಾಚಿಕೆಯೋ ಅವಳಿಗೇ ತಿಳಿಯಲಿಲ್ಲ, ಎರಡು ದಿನ ಅನ್ನ ಸೇರಲಿಲ್ಲ.

ಭಾನುವಾರ ಮಧ್ಯಾಹ್ನ ಫೋನು ಬಂತು. "ನಿನ್ನ ವೋಟು ಹಾಕವ್ಳೆ. ನೀನು ಹೇಳ್ದೋರ್ಗೇ ಹಾಕಿದ್ಲಾ ಅಂತ ಕೇಳಿದ್ಯಾ?"

"ಇಲ್ಲ ಅಮ್ಮ. ಕೇಳೋದಾಗಿದ್ರೆ ಅವಳಿಗ್ಯಾಕೆ ಕೊಡ್ತಿದ್ದೆ?"

"ಹಂಗಾದ್ರೆ ನನಗೆ ಯಾಕೆ ಕೊಡ್ಲಿಲ್ಲ? ಆಮೇಲೆ ಹೇಳ್ತೀನಿ ಅಂದಿದ್ದೆ. ಇವತ್ತು ಹೇಳು."

ಮತ್ತೆ ಗಾಳಿಯ ಸದ್ದು. ಈ ಸಲ ಫೋನು ನಿಲ್ಲಲಿಲ್ಲ.

"ಅಪ್ಪಾಜಿಗೆ ಗೊತ್ತಿತ್ತು ಅಮ್ಮ."

ದ್ರಾಕ್ಷಾಯಣಮ್ಮ ಏಣಿಯ ಮೆಟ್ಟಿಲ ಮೇಲೆ ಕೂತಳು.

"ಗಿಡ್ಡಯ್ಯನ ಹೆಸರು ಎಲ್ಲಿರುತ್ತೆ ಅಂತ ಅವರು ಮೊದಲೇ ಕೇಳಿ ತಿಳ್ಕೊಂಡಿದ್ರಂತೆ. ಮೇಲಿಂದ ಮೊದಲನೇದು. ನಿನ್ನ ಕೈ ಕೆಳಗಡೆ ಹೋಗಿದ್ದು ಅವರ ಕೈಗೆ ಗೊತ್ತಾಯ್ತಂತೆ. ನಾನು ರಜಕ್ಕೆ ಬಂದಾಗ ಹೇಳಿದ್ರು. ನಿಮ್ಮಮ್ಮನಿಗೆ ಹೇಳ್ಬೇಡ, ಸಂಕಟ ಪಟ್ಕೋತಾಳೆ ಅಂದ್ರು."

"ಗಿಡ್ಡಯ್ಯನಿಗೆ?" ಎಂದಳು.

"ರಿಸಲ್ಟ್ ಬಂದ ಮಾರನೇ ದಿನ ಕೋಲು ಹಿಡ್ಕೊಂಡು ಅವನ ಮನೆಗೆ ಹೋಗಿದ್ರಂತೆ. ನಾನೇ ಆ ಕಡೆ ಒತ್ತಿಸಿದೆ ಅಂತ ತಮ್ಮ ಮೇಲೆ ಹಾಕ್ಕೊಂಡು ಹೇಳಿ ಬಂದ್ರಂತೆ. ಗೊತ್ತಿದ್ದೂ ಮುಚ್ಚಿಟ್ಕೊಂಡು ಅವನ ಎದುರು ಕೂರೋಕಾಗಲ್ಲ, ಆದ್ರೆ ನಿನ್ನ ಹೆಸರು ಬರೋದು ಬೇಡ ಅಂತ. ನಿನ್ನ ಮೇಲೆ ಸಿಟ್ಟಿಲ್ಲ ಅಮ್ಮ. ಆದ್ರೆ ವೋಟು ಕೊಡೋಕೆ ಮನಸ್ಸು ಬರ್ಲಿಲ್ಲ."

ಒಂದೂವರೆ ವರ್ಷದ ಆ ಹೂಂ ಏನೆಂದು ಅವಳಿಗೆ ಈಗ ತಿಳಿಯಿತು. ಊರೆಲ್ಲವನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿದವಳು, ಪಕ್ಕದಲ್ಲೇ ಮಲಗುತ್ತಿದ್ದ ಗಂಡನ ಒಳಗೇನಿದೆ ಎಂದು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಅತ್ತಳು. ವರ್ಷಿಣಿ ಅಡುಗೆಮನೆಯಿಂದ ಇಣುಕಿ, ಏನೂ ಕೇಳದೆ, ಒಂದು ಲೋಟ ನೀರು ಇಟ್ಟು ಹೋದಳು. ಅದನ್ನು ಕುಡಿದು ದ್ರಾಕ್ಷಾಯಣಮ್ಮ ಚಪ್ಪಲಿ ಮೆಟ್ಟಿದಳು.

ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಗಿಡ್ಡಯ್ಯ ಮನೆಯ ಮುಂದೆ ಕೂತು ತೆಂಗಿನಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಲ್ಲಲಿಲ್ಲ.

"ಏನು ಅಕ್ಕಾರೆ, ಈ ಕಡೆ? ಕಾಯಿ ಸುಲಿಯೋಕೆ ಜನ ಸಿಕ್ಲಿಲ್ವಾ?"

"ಅದಕ್ಕಲ್ಲ ಕಣಪ್ಪ."

"ಹಂಗಾದ್ರೆ ಸೂರ್ಯಪ್ರಕಾಶಪ್ಪಾರು ತಿರ್ಗಾ ನಿಲ್ತಾವ್ರೆ. ಪಂಚಾಯ್ತಿ ಎಲೆಕ್ಷನ್ ಹತ್ರ ಬತ್ತಾ ಐತೆ ಅಂತ ನಂಗೂ ಗೊತ್ತು ಬುಡಿ."

ಅವಳು ನಿಂತೇ ಹೇಳಿದಳು. ಆವತ್ತು ನಮ್ಮ ಯಜಮಾನರು ನಿನಗೇ ಹಾಕು ಎಂದಿದ್ದರು, ಅವರ ಕೈ ನನ್ನ ಕೈಮೇಲೇ ಇತ್ತು, ಕೆಳಗೆ ಒತ್ತಿದ್ದು ನನ್ನ ಕೈ, ಅವರದೇನೂ ತಪ್ಪಿಲ್ಲ. ಗಿಡ್ಡಯ್ಯ ತಲೆಯೆತ್ತದೆ ಇನ್ನೊಂದು ಗರಿ ಎತ್ತಿಕೊಂಡ.

"ಸುಳ್ಳು" ಎಂದ.

"ದೇವ್ರಾಣೆ ಕಣೋ."

"ಸ್ವಾಮಣ್ಣ ಅಗೋ ಆ ಕಲ್ಲಿನ ಮ್ಯಾಲೆ ಕೂತ್ಕಂಡು, ನಾನೇ ಒತ್ತಿಸ್ದೆ ಗಿಡ್ಡಯ್ಯ, ಹೆಂಡ್ತಿ ತೌರಿನ ಮುಲಾಜು ಅಂತ ತಮ್ಮ ಬಾಯಲ್ಲೇ ಅಂದವ್ರೆ. ಈಗ ಅವ್ರು ಹೋದ್ಮ್ಯಾಲೆ ಅವ್ರ ಹೆಸ್ರು ಚೆಂದ ಮಾಡೋಕೆ ನೀವು ಹಿಂಗಂತೀರಿ. ನಾನು ಅವ್ರ ಮಾತು ನಂಬ್ಲೋ, ನಿಮ್ಮ ಮಾತು ನಂಬ್ಲೋ? ಮೂವತ್ತು ವರ್ಷ ಎದುರುಬದುರು ಕೂತಿವ್ನಿ ಅಕ್ಕಾರೆ. ನಂಗೆ ಹೊಟ್ಟೆ ಉರ್ಸಿದ್ರು, ಆ ಮಾತು ಬ್ಯಾರೆ. ಆದ್ರೆ ಸ್ವಾಮಣ್ಣ ಸುಳ್ಳು ಹೇಳೋ ಮನುಸನಲ್ಲ."

ಅವಳ ಹತ್ತಿರ ಸಾಕ್ಷಿಯಿರಲಿಲ್ಲ. ಕಂಡವರನ್ನೆಲ್ಲ ಸಾಕ್ಷಿ ಕೇಳುತ್ತಾ ಬದುಕಿದವಳು ಈಗ ಬರಿಗೈಯಲ್ಲಿ ಇನ್ನೊಬ್ಬರ ಬಾಗಿಲಲ್ಲಿ ನಿಂತಿದ್ದಳು. ತಿರುಗಿ ಹೋಗಿಬಿಡೋಣ ಎನಿಸಿತು. ಹೋದರೆ ಹಾಲಸ್ವಾಮಿ ಈ ಅಂಗಳದಲ್ಲಿ ಎಂದೆಂದಿಗೂ ಗೆಳೆಯನಿಗೆ ಕೈಕೊಟ್ಟವನಾಗಿಯೇ ಉಳಿಯುತ್ತಿದ್ದ.

"ಒಂದು ಹೇಳಿದ್ರು ಕಣೋ ಗಿಡ್ಡಯ್ಯ" ಎಂದಳು. "ಅವ್ರ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ರು. ಅದನ್ನ ನಿನಗೇ ಹೇಳಿದ್ರು. ನನ್ನ ಮರ್ಯಾದೆ ಉಳೀಲಿ ಅಂತ."

ಗಿಡ್ಡಯ್ಯನ ಕೈಯಲ್ಲಿ ಗರಿ ಅರ್ಧ ಸೀಳಿದ್ದು ಹಾಗೇ ನಿಂತಿತು. ಅವನು ಮೊದಲ ಸಲ ತಲೆಯೆತ್ತಿ ಅವಳ ಮುಖವನ್ನು ನೋಡಿದ. ನಂಬಿದ ಹಾಗೂ ಕಾಣಲಿಲ್ಲ, ಬಿಟ್ಟ ಹಾಗೂ ಕಾಣಲಿಲ್ಲ. ಕತ್ತಿಯನ್ನು ಪಕ್ಕಕ್ಕಿಟ್ಟ.

"ಕೂತ್ಕಳಿ ಅಕ್ಕಾರೆ" ಎಂದ. "ಮೊದ್ಲಿಂದ ಹೇಳಿ. ಅವ್ರ ಕೈ ಎಲ್ಲಿತ್ತು ಅಂದ್ರಿ?"

ಅವಳು ಅದೇ ಕಲ್ಲಿನ ಮೇಲೆ ಕೂತು, ತನ್ನ ಮಣಿಕಟ್ಟನ್ನು ಮುಂದೆ ಚಾಚಿ ತೋರಿಸಿದಳು.